ಎಳೆತ ಪರೀಕ್ಷೆಯ ವಕ್ರರೇಖೆಯನ್ನು ಓದುವ ಕ್ರಮ

ಎಳೆತ ಪರೀಕ್ಷೆಯಲ್ಲಿ ಲೋಹದ ಸರಳನ್ನು ಮುರಿಯುವವರೆಗೆ ಯಂತ್ರದಿಂದ ಎಳೆಯಲಾಗುತ್ತದೆ. ಮೊದಲು ಮಾದರಿ ಸರಳಿನ ವ್ಯಾಸವನ್ನು ಮೂರು ಕಡೆ ಅಳೆದು, 50 ಮಿ.ಮೀ. ಅಂತರದಲ್ಲಿ ಎರಡು ಗುರುತುಗಳನ್ನು ಹಾಕಿಕೊಳ್ಳಬೇಕು. ಬಲವನ್ನು ಮೂಲ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿದರೆ ಪೀಡನ, ಅಂದರೆ ಸ್ಟ್ರೆಸ್, ದೊರೆಯುತ್ತದೆ. ಉದ್ದದಲ್ಲಾದ ಹೆಚ್ಚಳವನ್ನು ಮೂಲ ಉದ್ದದಿಂದ ಭಾಗಿಸಿದರೆ ಸ್ಟ್ರೇನ್. ಸ್ಟ್ರೇನ್ ಅನ್ನು ಅಡ್ಡಲಾಗಿ, ಪೀಡನವನ್ನು ಮೇಲ್ಮುಖವಾಗಿ ಗುರುತಿಸಿ ಎಳೆದ ರೇಖೆಯೇ ನಾವು ಓದಬೇಕಾದ ವಕ್ರರೇಖೆ.

10 ಮಿ.ಮೀ. ವ್ಯಾಸದ ಮೃದು ಉಕ್ಕಿನ ಸರಳಿನ ವಿಸ್ತೀರ್ಣ ಸುಮಾರು 78.5 ಚದರ ಮಿ.ಮೀ. ಅದರ ಮೇಲೆ 15.7 ಕಿಲೋನ್ಯೂಟನ್ ಬಲ ಹಾಕಿದಾಗ ಪೀಡನ 200 ಮೆಗಾಪಾಸ್ಕಲ್ ಆಗುತ್ತದೆ. ಉಕ್ಕಿನ ಯಂಗ್ ಗುಣಾಂಕ, ಅಂದರೆ ರೇಖೆಯ ನೇರ ಭಾಗದಲ್ಲಿ ಪೀಡನವನ್ನು ಸ್ಟ್ರೇನ್‌ನಿಂದ ಭಾಗಿಸಿದ ಬೆಲೆ, ಸುಮಾರು 200 ಗಿಗಾಪಾಸ್ಕಲ್ ಇರುವುದರಿಂದ, ಗುರುತುಗಳ ನಡುವಿನ ಹಿಗ್ಗುವಿಕೆ ಕೇವಲ 0.05 ಮಿ.ಮೀ. ಇಷ್ಟು ಸಣ್ಣ ಬದಲಾವಣೆಯನ್ನು ಸರಳಿಗೇ ಜೋಡಿಸುವ ಹಿಗ್ಗು ಮಾಪಕವಾದ ಎಕ್ಸ್‌ಟೆನ್ಸೋಮೀಟರ್‌ನಿಂದಲೇ ಅಳೆಯಬೇಕು; ಯಂತ್ರದ ಹಿಡಿತಗಳು ಸರಿದ ದೂರವನ್ನೇ ಹಿಗ್ಗುವಿಕೆಯೆಂದು ಬರೆದುಕೊಳ್ಳುವುದು ವಿದ್ಯಾರ್ಥಿಗಳು ಮಾಡುವ ಸಾಮಾನ್ಯ ತಪ್ಪು.

ರೇಖೆಯ ನೇರ ಭಾಗದಲ್ಲಿ ಬಲ ತೆಗೆದರೆ ಸರಳು ಮೊದಲಿನ ಉದ್ದಕ್ಕೆ ಮರಳುತ್ತದೆ. ಮೃದು ಉಕ್ಕಿನಲ್ಲಿ ಸುಮಾರು 250 ಮೆಗಾಪಾಸ್ಕಲ್ ಬಳಿ ಬಲ ಹೆಚ್ಚದೆಯೇ ಹಿಗ್ಗುವಿಕೆ ಮುಂದುವರಿಯುತ್ತದೆ. ಇದೇ ಇಳುವರಿ ಬಿಂದು, ಅಂದರೆ ಯೀಲ್ಡ್ ಪಾಯಿಂಟ್. ಅಲ್ಯೂಮಿನಿಯಂನಲ್ಲಿ ಇಂಥ ಸ್ಪಷ್ಟ ತಿರುವು ಕಾಣದಿರುವುದರಿಂದ, 0.2 ಶೇಕಡಾ ಸ್ಟ್ರೇನ್‌ನಿಂದ ನೇರ ಭಾಗಕ್ಕೆ ಸಮಾಂತರವಾಗಿ ಗೆರೆ ಎಳೆದು, ಅದು ವಕ್ರರೇಖೆಯನ್ನು ಕತ್ತರಿಸುವ ಸ್ಥಳವನ್ನು ಇಳುವರಿ ಎಂದು ಪರಿಗಣಿಸಬೇಕು.

ಗರಿಷ್ಠ ಬಿಂದುವಿನ ನಂತರ ರೇಖೆ ಇಳಿಯುವುದನ್ನು ನೋಡಿ ಲೋಹ ದುರ್ಬಲವಾಯಿತೆಂದು ಭಾವಿಸಬಾರದು. ಸರಳು ಒಂದೆಡೆ ಕುತ್ತಿಗೆಯಂತೆ ಸಣ್ಣಗಾಗಿದ್ದರೂ ನಾವು ಮೂಲ ವಿಸ್ತೀರ್ಣದಿಂದಲೇ ಭಾಗಿಸುತ್ತಿರುತ್ತೇವೆ. ಕುತ್ತಿಗೆಯಲ್ಲಿನ ನಿಜವಾದ ಪೀಡನ ಏರುತ್ತಲೇ ಇರುತ್ತದೆ.

ಕೊನೆಗೆ ಮುರಿದ ಮುಖವನ್ನು ಪರೀಕ್ಷಿಸಬೇಕು: ಮೃದು ಉಕ್ಕಿನಲ್ಲಿ ಬಟ್ಟಲು ಮತ್ತು ಶಂಕುವಿನ ಆಕಾರವೂ, ಬೀಡುಕಬ್ಬಿಣದಲ್ಲಿ ಕುತ್ತಿಗೆಯೇ ಇಲ್ಲದ ಚಪ್ಪಟೆಯಾದ, ಹರಳು ಹರಳಾದ ಮುಖವೂ ಕಾಣುತ್ತದೆ.