ಕೊಬ್ಬರಿ ಪೋರ್ಟರ್: ಮೂರನೆಯ ಸಲಕ್ಕೆ ಕೂಡಿಬಂದ ಬಿಯರ್

ತಿಪಟೂರಿನ ಆಸುಪಾಸಿನ ತೋಟದ ಮನೆಯಲ್ಲಿ ಬೆಳೆದ ನನಗೆ ಕೊಬ್ಬರಿಯ ವಾಸನೆ ಎಂದರೆ ಅಟ್ಟದ ವಾಸನೆ. ಸಿಪ್ಪೆ ಸುಲಿಯದ ಕಾಯಿಗಳನ್ನು ಅಟ್ಟಕ್ಕೇರಿಸಿ, ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಟ್ಟು, ಒಳಗಿನ ನೀರು ಇಂಗಿ ಗಿಟುಕು ಚಿಪ್ಪಿನಿಂದ ಬಿಡಿಸಿಕೊಂಡು ಲೊಡಲೊಡ ಎನ್ನುವವರೆಗೆ ಕಾಯುವುದು ನಮ್ಮ ಕಡೆಯ ಉಂಡೆ ಕೊಬ್ಬರಿಯ ಪದ್ಧತಿ. ಆ ವಾಸನೆ ನನಗೆ ಮತ್ತೆ ಸಿಕ್ಕಿದ್ದು ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲೆಂಡ್‌ನಲ್ಲಿ, ಹವಾಯಿಯ ಮಾವಿ ಬ್ರೂಯಿಂಗ್ ಕಂಪನಿಯ ಕೊಕೊನಟ್ ಪೋರ್ಟರ್ ಎಂಬ ಕಪ್ಪು ಬಿಯರಿನ ಡಬ್ಬಿಯನ್ನು ತೆರೆದಾಗ. ಹುರಿದ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಕಹಿಯ ಹಿಂದೆಯೇ ಹುರಿದ ಕೊಬ್ಬರಿಯ ಘಮ ಬಂದಿತು. ಅದಾಗಲೇ ಎರಡು ವರ್ಷದಿಂದ ಮನೆಯಲ್ಲಿ ಬಿಯರ್ ಮಾಡುತ್ತಿದ್ದ ನಾನು, ಇದನ್ನೂ ಮಾಡಬೇಕೆಂದು ಅಂದೇ ನಿಶ್ಚಯಿಸಿದೆ.

ಕಾನೂನಿನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಬಳಕೆಗೆ ಬಿಯರ್ ಮಾಡಿಕೊಳ್ಳಲು ಅಮೆರಿಕದ ಒಕ್ಕೂಟ ಸರ್ಕಾರ 1978ರಲ್ಲಿ ಅನುಮತಿ ನೀಡಿತು. ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್‌ವರೆಗೆ, ಅಂದರೆ ಸುಮಾರು 757 ಲೀಟರ್ ಮಾಡಬಹುದು, ಆದರೆ ಮಾರುವಂತಿಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಊರಿಗೆ ಹೋದಾಗ ನಾನು ಈ ಕೆಲಸಕ್ಕೆ ಕೈಹಾಕುವುದಿಲ್ಲ.

ಮೊದಲ ಎರಡು ಪ್ರಯತ್ನಗಳೂ ಕೆಟ್ಟವು. ಮೊದಲ ಸಲ ಹಸಿ ತೆಂಗಿನಕಾಯಿಯನ್ನು ತುರಿದು, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂಗಳ ಜೊತೆಯಲ್ಲಿಯೇ ಕುದಿಸಿದೆ. ಒಂದು ಗಂಟೆಯ ಕುದಿಯಲ್ಲಿ ಪರಿಮಳವೆಲ್ಲ ಹಬೆಯೊಂದಿಗೆ ಹೋಯಿತು, ಉಳಿದದ್ದು ಎಣ್ಣೆ ಮಾತ್ರ. ಲೋಟಕ್ಕೆ ಸುರಿದ ಬಿಯರಿನ ಮೇಲೆ ನೊರೆ ಕ್ಷಣಮಾತ್ರವೂ ನಿಲ್ಲಲಿಲ್ಲ, ಎರಡು ತಿಂಗಳಿಗೆ ಸಾಬೂನಿನಂತಹ ರುಚಿಯೂ ಸೇರಿಕೊಂಡಿತು. ಎರಡನೆಯ ಸಲ ಕೇಕಿಗೆ ಬಳಸುವ ಸಿಹಿ ಕೊಬ್ಬರಿ ತುರಿಯ ಪೊಟ್ಟಣವನ್ನು ಹುದುಗುವ ಪಾತ್ರೆಗೆ ಸುರಿದೆ. ಅದರ ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದು ಮುಗಿಸಿ ಬಿಯರ್ ತೆಳುವಾಯಿತು, ಸಣ್ಣ ತುರಿ ಸೈಫನ್ ಕೊಳವೆಯನ್ನು ಕಟ್ಟಿಹಾಕಿತು. ಆ ಸಂಜೆ ಹತ್ತೊಂಬತ್ತು ಲೀಟರಿನಲ್ಲಿ ಅರ್ಧಕ್ಕರ್ಧ ಬಚ್ಚಲಿಗೆ ಹೋದದ್ದು ನನಗೆ ನಿಜವಾಗಿ ಸಂಕಟವಾಯಿತು.

ಕೊಬ್ಬರಿಯಲ್ಲಿ ನೂರಕ್ಕೆ ಅರವತ್ತು ಪಾಲಿಗೂ ಮಿಗಿಲಾಗಿ ಎಣ್ಣೆಯೇ ಇರುತ್ತದೆ ಎಂಬುದು ನಮ್ಮೂರಿನ ಗಾಣದ ಮುಂದೆ ನಿಂತ ಮಕ್ಕಳಿಗೂ ಗೊತ್ತಿರುವ ಸಂಗತಿ. ಬಿಯರಿನ ನೊರೆಯನ್ನು ಎತ್ತಿಹಿಡಿಯುವುದು ಮಾಲ್ಟಿನ ಪ್ರೋಟೀನು. ಎಣ್ಣೆಯ ತೆಳು ಪದರ ತಗುಲಿದರೂ ಗುಳ್ಳೆಗಳು ಒಡೆಯುತ್ತವೆ. ಇತ್ತ ಕೊಬ್ಬರಿಗೆ ಅದರ ಘಮ ಕೊಡುವ ಲ್ಯಾಕ್ಟೋನ್ ಎಂಬ ಸಂಯುಕ್ತಗಳು ಮದ್ಯಸಾರದಲ್ಲಿ ಚೆನ್ನಾಗಿ ಕರಗುತ್ತವೆ. ಹಾಗಾದರೆ ಮಾಡಬೇಕಾದದ್ದು ಸ್ಪಷ್ಟ: ಹುದುಗುವಿಕೆ ಮುಗಿದು ಮದ್ಯಸಾರ ಹುಟ್ಟಿದ ಮೇಲೆ ಕೊಬ್ಬರಿ ಹಾಕಬೇಕು, ಘಮವನ್ನು ತೆಗೆದುಕೊಂಡು ಎಣ್ಣೆಯನ್ನು ಹಿಂದೆ ಬಿಡಬೇಕು. ಕಷ್ಟವಿರುವುದೆಲ್ಲ ಆ ಕೊನೆಯ ಮಾತಿನಲ್ಲಿ.

ಮೂರನೆಯ ಸಲದ ಪೋರ್ಟರಿಗೆ ಬಳಸಿದ ಧಾನ್ಯದ ಲೆಕ್ಕ ಹೀಗಿತ್ತು: ಮಾರಿಸ್ ಆಟರ್ ಮಾಲ್ಟ್ 4 ಕಿಲೋ, ಮ್ಯೂನಿಕ್ ಮಾಲ್ಟ್ 450 ಗ್ರಾಂ, ಕ್ರಿಸ್ಟಲ್ 60 ಮಾಲ್ಟ್ 350 ಗ್ರಾಂ, ಓಟ್ಸ್ 350 ಗ್ರಾಂ, ಚಾಕೊಲೇಟ್ ಮಾಲ್ಟ್ 300 ಗ್ರಾಂ, ಕಪ್ಪು ಮಾಲ್ಟ್ 100 ಗ್ರಾಂ. ಕಪ್ಪು ಮಾಲ್ಟನ್ನು ಇದಕ್ಕಿಂತ ಹೆಚ್ಚಿಸಿದರೆ ಅದರ ಸುಟ್ಟ ಕಹಿ ಕೊಬ್ಬರಿಯನ್ನು ಮುಚ್ಚಿಬಿಡುತ್ತದೆ. ಸುಟ್ಟ ಕಹಿ ಇನ್ನೂ ಹೆಚ್ಚಿರುವ ಸ್ಟೌಟ್ ಎಂಬ ಕಪ್ಪು ಬಿಯರನ್ನು ಬಿಟ್ಟು ಪೋರ್ಟರನ್ನೇ ಆರಿಸಿಕೊಳ್ಳಲು ಇದೇ ಕಾರಣ. 15 ಲೀಟರ್ ನೀರನ್ನು 74 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಧಾನ್ಯ ಸೇರಿಸಿದಾಗ ಮಿಶ್ರಣ 67 ಡಿಗ್ರಿಯಲ್ಲಿ ನಿಂತಿತು. ಅದೇ ಬಿಸಿಯಲ್ಲಿ ಒಂದು ಗಂಟೆ ಇಟ್ಟೆ. ಇನ್ನೂ ಕಡಿಮೆ ಬಿಸಿಯಲ್ಲಿ ಇಟ್ಟರೆ ಯೀಸ್ಟ್ ತಿನ್ನಬಲ್ಲ ಸಕ್ಕರೆಯೇ ಹೆಚ್ಚಾಗಿ ಬಿಯರ್ ಒಣಗಿದಂತಾಗುತ್ತದೆ, ಮತ್ತು ಬಾಯಲ್ಲಿ ಸ್ವಲ್ಪವೂ ಸಿಹಿಯಿಲ್ಲದ ಕಡೆ ಕೊಬ್ಬರಿಯ ರುಚಿ ಮರದ ಪುಡಿಯಂತೆ ತೋರುತ್ತದೆ. ಸೋಸಿದ ರಸದ ಕುದಿಯ ಆರಂಭದಲ್ಲಿ 20 ಗ್ರಾಂ ಮ್ಯಾಗ್ನಮ್ ಹಾಪ್ಸ್, ಕೊನೆಯ ಹತ್ತು ನಿಮಿಷ ಇದ್ದಾಗ ನಮ್ಮ ಒರೆಗಾನ್‌ನ ವಿಲಾಮೆಟ್ ಹಾಪ್ಸ್ 28 ಗ್ರಾಂ ಹಾಕಿದೆ. ತಣಿಸಿ ಅಳೆದಾಗ, ದ್ರವದಲ್ಲಿನ ಸಕ್ಕರೆಯನ್ನು ಸಾಂದ್ರತೆಯಿಂದ ಅಳೆಯುವ ಹೈಡ್ರೋಮೀಟರ್ 1.060 ತೋರಿಸಿತು. ಎಸ್-04 ಯೀಸ್ಟಿನ ಒಂದು ಪೊಟ್ಟಣವನ್ನು ಬೆರೆಸಿ, 18 ಡಿಗ್ರಿಯಲ್ಲಿ ಎರಡು ವಾರ ಇಟ್ಟಾಗ ಅದು 1.016ಕ್ಕೆ ಬಂದು ನಿಂತಿತು. ಮದ್ಯಸಾರ ಸುಮಾರು 5.8 ಪ್ರತಿಶತ.

ಆ ಎರಡು ವಾರವೂ ನನ್ನ ಗಮನವೆಲ್ಲ ಕೊಬ್ಬರಿಯ ಮೇಲೆಯೇ ಇತ್ತು. ಇಲ್ಲಿನ ಒಂದು ಅಂಗಡಿಯಿಂದ ತಂದ ಮೊದಲ ಚೀಲವನ್ನು ತೆರೆದಾಗ ಕಮಟು ಹೊಡೆಯುತ್ತಿತ್ತು. ಅದನ್ನು ಹಾಗೆಯೇ ಎಸೆದೆ. ಹೋಳು ಮುರಿದಾಗ ಒಳಭಾಗ ಬೆಳ್ಳಗಿರಬೇಕು, ಅಂಚಿನಲ್ಲಿ ಹಸಿರು ಅಥವಾ ಹಳದಿ ಬೂಷ್ಟು ಇರಬಾರದು, ಒಂದು ಚೂರನ್ನು ಚೆನ್ನಾಗಿ ಅಗಿದರೆ ಗಂಟಲಿನಲ್ಲಿ ಕೆರೆತ ಉಳಿಯಬಾರದು. ಕಮಟು ಕೊಬ್ಬರಿಯನ್ನು ಎಷ್ಟು ಹುರಿದರೂ ಅದರ ದೋಷ ಹೋಗುವುದಿಲ್ಲ. ಬೇರೊಂದು ಕಡೆ ಒಳ್ಳೆಯ ಗಿಟುಕು ಸಿಕ್ಕಿತು. ಅದನ್ನು ತುರಿಯದೆ, ಸಿಪ್ಪೆ ತೆಗೆಯುವ ಕತ್ತಿಯಿಂದ ತೆಳ್ಳಗೆ ಹೆರೆದು 450 ಗ್ರಾಂ ತೂಗಿಟ್ಟೆ.

ಆಗ ಊರಿನಿಂದ ಬಂದಿದ್ದ ಅಮ್ಮ ಪಕ್ಕದಲ್ಲೇ ಇದ್ದರು. ಬಿಯರ್ ಮುಟ್ಟದವರಾದರೂ ಚಟ್ನಿಪುಡಿಗೆ ನಲವತ್ತು ವರ್ಷ ಕೊಬ್ಬರಿ ಹುರಿದ ಕೈ ಅವರದು. ಒಲೆಯೊಳಗಿನ ತಟ್ಟೆಯನ್ನು ನೋಡಿ, "ಕೆಂಪಗಾಗೋವರೆಗೂ ಕಾಯಬೇಡ ಕಣಪ್ಪ, ಇನ್ನೇನು ಆಗುತ್ತೆ ಅನ್ನುವಾಗಲೇ ಇಳಿಸು, ಮಿಕ್ಕಿದ್ದನ್ನ ತಟ್ಟೆ ಬಿಸಿನೇ ಮಾಡುತ್ತೆ" ಎಂದರು. 150 ಡಿಗ್ರಿಯ ಓವನ್ನಿನಲ್ಲಿ ಐದೈದು ನಿಮಿಷಕ್ಕೊಮ್ಮೆ ಕೈಯಾಡಿಸುತ್ತ, ಹದಿನೈದನೆಯ ನಿಮಿಷಕ್ಕೆ ಹೊಂಬಣ್ಣ ತಿರುಗುತ್ತಿದ್ದಂತೆ ಹೊರತೆಗೆದೆ. ಬಿಸಿಯಿದ್ದಾಗಲೇ ಅಡುಗೆಮನೆಯ ಕಾಗದದ ಹಾಳೆಗಳ ನಡುವೆ ಹರಡಿ ಒತ್ತಿದೆ. ನಾಲ್ಕು ಸಲ ಹಾಳೆ ಬದಲಿಸಬೇಕಾಯಿತು. ಮೊದಲ ಹಾಳೆ ಬೋಂಡದ ಕೆಳಗಿಟ್ಟ ಕಾಗದದಂತೆ ಪಾರದರ್ಶಕವಾಗಿತ್ತು. ತಣ್ಣಗಾದ ಮೇಲೆ ಒತ್ತಿದರೆ ಎಣ್ಣೆ ಬಿಡುವುದಿಲ್ಲ, ಆದ್ದರಿಂದ ಈ ಕೆಲಸದಲ್ಲಿ ತಡ ಮಾಡುವಂತಿಲ್ಲ.

ಕುದಿಸಿ ಶುದ್ಧಿಮಾಡಿದ ನೈಲಾನ್ ಬಲೆಚೀಲಕ್ಕೆ ಈ ಕೊಬ್ಬರಿಯನ್ನು ತುಂಬಿ, ತೇಲದಂತೆ ಒಳಗೆ ಸ್ಟೀಲಿನ ಗುಂಡುಗಳನ್ನಿಟ್ಟು ಬಿಯರಿನಲ್ಲಿ ಮುಳುಗಿಸಿದೆ. ಎರಡನೆಯ ದಿನದಿಂದ ಪ್ರತಿ ಸಂಜೆ ಒಂದು ಚಮಚ ತೆಗೆದು ರುಚಿ ನೋಡಿದೆ. ಮೂರನೆಯ ದಿನ ಘಮ ಬಂದಿತ್ತು, ಐದನೆಯ ದಿನ ನಾಲಿಗೆಯ ಮೇಲೂ ನಿಂತಿತು. ಅಂದೇ ಚೀಲವನ್ನು ಹಿಂಡದೆ ಎತ್ತಿದೆ. ಹಿಂಡಿದರೆ ಬಿಯರಿನ ಜೊತೆಗೆ ಎಣ್ಣೆಯೂ ಇಳಿಯುತ್ತದೆ. ಕೊಬ್ಬರಿ ಒಂದು ಲೀಟರಿಗೂ ಹೆಚ್ಚು ಬಿಯರ್ ಕುಡಿದಿತ್ತು, ಅದನ್ನು ಹಾಗೆಯೇ ಬಿಟ್ಟುಕೊಟ್ಟೆ.

ಇಷ್ಟಾದರೂ ಮೇಲ್ಮೈಯಲ್ಲಿ ಎಣ್ಣೆಯ ಕಣ್ಣುಗಳು ಮಿನುಗುತ್ತಿದ್ದವು. ಅದಕ್ಕೆ ಉಪಾಯ ನೆನಪಾದದ್ದು ತಲೆಗೆ ಹಚ್ಚುವ ಎಣ್ಣೆಯಿಂದ. ಧನುರ್ಮಾಸದ ಬೆಳಗ್ಗೆ ಕೊಬ್ಬರಿ ಎಣ್ಣೆಯ ಬಾಟಲಿ ಗಟ್ಟಿಕಟ್ಟಿರುತ್ತಿತ್ತು, ಅದನ್ನು ನೀರೊಲೆಯ ಬಳಿ ಇಟ್ಟು ಕರಗಿಸುತ್ತಿದ್ದೆವು. ಸುಮಾರು 24 ಡಿಗ್ರಿಗಿಂತ ಕೆಳಗೆ ಈ ಎಣ್ಣೆ ಹೆಪ್ಪುಗಟ್ಟುತ್ತದೆ. ಪಾತ್ರೆಯನ್ನು ಫ್ರಿಜ್ಜಿನಲ್ಲಿ 2 ಡಿಗ್ರಿಗೆ ಇಳಿಸಿ ಎರಡು ದಿನ ಬಿಟ್ಟಾಗ ಚದುರಿದ್ದ ಎಣ್ಣೆಯೆಲ್ಲ ಮೇಲೆ ಬಂದು ಬಿಳಿಯ ತೆಳು ಪದರವಾಯಿತು, ಯೀಸ್ಟ್ ತಳ ಸೇರಿತು. ಕೊಳವೆಯನ್ನು ಪಾತ್ರೆಯ ಬದಿಯಿಂದ ನಿಧಾನವಾಗಿ ಇಳಿಸಿ, ನಡುವಿನ ಬಿಯರನ್ನು ಮಾತ್ರ ಎಳೆದುಕೊಂಡು, ಆ ಪದರ ಕೊಳವೆಯ ಬಾಯಿಗೆ ಸಮೀಪಿಸುವ ಮುನ್ನವೇ ನಿಲ್ಲಿಸಿದೆ. ಸಿಕ್ಕಿದ್ದು 16 ಲೀಟರ್. ಬಾಟಲಿಯಲ್ಲಿ ಗುಳ್ಳೆ ಹುಟ್ಟಲೆಂದು 100 ಗ್ರಾಂ ಡೆಕ್ಸ್ಟ್ರೋಸ್ ಸಕ್ಕರೆಯನ್ನು ನೀರಿನಲ್ಲಿ ಕುದಿಸಿ ಬೆರೆಸಿ, 355 ಮಿಲಿಲೀಟರಿನ 45 ಬಾಟಲಿಗಳಿಗೆ ತುಂಬಿ ಮುಚ್ಚಳ ಒತ್ತಿದೆ.

ಮೂರು ವಾರದ ಮೇಲೆ ತೆರೆದ ಬಾಟಲಿಯಲ್ಲಿ ಬೆರಳಗಲದ ಕಂದು ನೊರೆ ಎದ್ದು, ಲೋಟ ಅರ್ಧವಾಗುವವರೆಗೂ ಒಂದು ಪದರವಾಗಿ ಉಳಿಯಿತು. ಮೂಗಿಗೆ ಮೊದಲು ಕೊಬ್ಬರಿ, ಆಮೇಲೆ ಕಾಫಿ. ನಾಲಿಗೆಗೆ ಮೊದಲು ಮಾಲ್ಟ್, ನುಂಗಿದ ಮೇಲೆ ಕೊಬ್ಬರಿ. ಈ ಘಮ ಬಹಳ ಕಾಲ ಉಳಿಯುವುದಿಲ್ಲ. ಮೂರನೆಯ ತಿಂಗಳಿಗೆ ಅದು ಅರ್ಧದಷ್ಟಾಯಿತು, ಆರನೆಯ ತಿಂಗಳಿಗೆ ಉಳಿದದ್ದು ಒಳ್ಳೆಯ ಪೋರ್ಟರ್ ಮಾತ್ರ. ಹಾಗಾಗಿ ಈಗ ಒಂದೇ ಸಲಕ್ಕೆ ಹತ್ತೊಂಬತ್ತು ಲೀಟರ್ ಮಾಡುವ ಬದಲು, ಅಕ್ಟೋಬರಿನಲ್ಲಿ ಒಮ್ಮೆ ಮತ್ತು ಜನವರಿಯಲ್ಲಿ ಒಮ್ಮೆ ಹತ್ತು ಹತ್ತು ಲೀಟರ್ ಮಾಡುತ್ತೇನೆ, ಪ್ರತಿ ಸಲವೂ ಹೊಸ ಕೊಬ್ಬರಿ ತರುತ್ತೇನೆ.