ಕನ್ನಡಕದ ಪವರ್ ನಿಲ್ಲುತ್ತಿಲ್ಲವೇ? ಕಾರ್ನಿಯಾ ಪರೀಕ್ಷಿಸಿಕೊಳ್ಳಿ

ಹದಿಹರೆಯದಲ್ಲಿ ಕನ್ನಡಕದ ಪವರ್ ಏರುವುದು ಹೊಸತೇನಲ್ಲ. ಆದರೆ ಚೀಟಿಯಲ್ಲಿ ಸಿಲಿಂಡರ್ ಪವರ್ (ಕಣ್ಣಿನ ಅಸಮ ಬಾಗನ್ನು ಸರಿದೂಗಿಸುವ ಸಂಖ್ಯೆ) ಪ್ರತಿ ಸಲವೂ ಹೆಚ್ಚುತ್ತಿದ್ದರೆ, ಹೊಸ ಕನ್ನಡಕ ಹಾಕಿದರೂ ಅಕ್ಷರಗಳ ಪಕ್ಕದಲ್ಲಿ ನೆರಳು ಕಂಡರೆ, ರಾತ್ರಿ ಮಂಗಳೂರಿನ ಪಂಪ್‌ವೆಲ್ ವೃತ್ತ ದಾಟುವಾಗ ಎದುರಿನ ವಾಹನದ ದೀಪ ಚದುರಿದಂತೆ ತೋರಿದರೆ ಕನ್ನಡಕದಂಗಡಿಯ ತಪಾಸಣೆಗೆ ತೃಪ್ತರಾಗಬೇಡಿ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ತೆಳುವಾಗುತ್ತಾ ಶಂಕುವಿನಾಕಾರದಲ್ಲಿ ಉಬ್ಬುವ ಕೆರಟೋಕೋನಸ್ ಇರಬಹುದು. ಅದರ ಬೆಳವಣಿಗೆಯನ್ನು ತಡೆಯಲು ಇರುವುದು ಕಾರ್ನಿಯಾವನ್ನು ಗಟ್ಟಿಗೊಳಿಸುವ ಕ್ರಾಸ್‌ಲಿಂಕಿಂಗ್ ಚಿಕಿತ್ಸೆ. ಮಂದವಾದ ದೃಷ್ಟಿಯನ್ನು ಅದು ಮರಳಿ ಕೊಡುವುದಿಲ್ಲ, ಕನ್ನಡಕವನ್ನೂ ಬಿಡಿಸುವುದಿಲ್ಲ. ಆದ್ದರಿಂದಲೇ ತಡಮಾಡಬಾರದು.

ಮೊದಲ ಕೆಲಸ ಫೋನ್ ಮಾಡುವುದು. ಮಂಗಳೂರು, ಉಡುಪಿ, ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗಾಗಲಿ ಕಣ್ಣಿನ ಆಸ್ಪತ್ರೆಗಳಿಗಾಗಲಿ ಕೊರತೆಯಿಲ್ಲ. ಆದರೂ ಕಾರ್ನಿಯಾ ತಜ್ಞರು ಯಾವ ದಿನ ಸಿಗುತ್ತಾರೆ, ಕಾರ್ನಿಯಾದ ಆಕಾರದ ನಕ್ಷೆ ತೆಗೆಯುವ ಟೋಪೋಗ್ರಫಿ ಸ್ಕ್ಯಾನ್ ಅಲ್ಲಿಯೇ ಆಗುತ್ತದೆಯೇ, ಕ್ರಾಸ್‌ಲಿಂಕಿಂಗ್ ಮಾಡುತ್ತಾರೆಯೇ ಎಂದು ಕೇಳಿಕೊಂಡೇ ಬಸ್ ಹತ್ತಿ. ಕಾಂಟ್ಯಾಕ್ಟ್ ಲೆನ್ಸ್ ಕಾರ್ನಿಯಾದ ಆಕಾರವನ್ನು ತಾತ್ಕಾಲಿಕವಾಗಿ ಬದಲಿಸುವುದರಿಂದ ಅದನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕೆಂಬುದನ್ನೂ ವಿಚಾರಿಸಿ. ಹಳೆಯ ಕನ್ನಡಕದ ಚೀಟಿಗಳೆಲ್ಲ ಜೊತೆಗಿರಲಿ.

ಸ್ಕ್ಯಾನ್‌ನಲ್ಲಿ ಕಾರ್ನಿಯಾದ ಬಾಗು ಮತ್ತು ದಪ್ಪ ಎರಡೂ ಸಿಗುತ್ತವೆ. ಆರೋಗ್ಯವಂತ ಕಾರ್ನಿಯಾ ಮಧ್ಯದಲ್ಲಿ ಸುಮಾರು 540 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದಪ್ಪ ಇರುತ್ತದೆ. ಮೂಲ ವಿಧಾನದ ಕ್ರಾಸ್‌ಲಿಂಕಿಂಗ್‌ಗೆ ಕನಿಷ್ಠ 400 ಬೇಕು. ಅದಕ್ಕಿಂತ ತೆಳುವಾಗಿದ್ದವರಿಗೆ ಮಾರ್ಪಡಿಸಿದ ವಿಧಾನಗಳಿವೆ. ಕೆಲವು ತಿಂಗಳ ಅಂತರದ ಎರಡು ಸ್ಕ್ಯಾನ್‌ಗಳನ್ನು ಹೋಲಿಸಿ, ರೋಗ ಬೆಳೆಯುತ್ತಿದೆಯೇ ಎಂದು ವೈದ್ಯರು ನಿರ್ಧರಿಸುತ್ತಾರೆ. ಹಾಗಾಗಿ ವರದಿಯ ಪ್ರತಿಯನ್ನು ಕೇಳಿ ಪಡೆದು ಮನೆಯಲ್ಲಿಡಿ. ಆಸ್ಪತ್ರೆ ಬದಲಿಸಿದಾಗ ಆ ಒಂದು ಹಾಳೆಯಿಲ್ಲದೆ ಎಲ್ಲವನ್ನೂ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಮಕ್ಕಳಲ್ಲಿ ರೋಗ ಬೇಗ ಬೆಳೆಯುವುದರಿಂದ ಎರಡನೆಯ ಸ್ಕ್ಯಾನ್‌ಗೆ ಕಾಯದೆ ಚಿಕಿತ್ಸೆ ಮಾಡುವುದೂ ಉಂಟು.

ಖರ್ಚಿನ ಮಾತನ್ನು ಸಂಕೋಚವಿಲ್ಲದೆ ಆಡಿ. ಹೇಳಿದ ಮೊತ್ತ ಒಂದು ಕಣ್ಣಿಗೋ ಎರಡಕ್ಕೋ, ಔಷಧವೂ ಸೇರಿದೆಯೇ? ಆಯುಷ್ಮಾನ್ ಕಾರ್ಡ್ ಇದ್ದರೆ ಯೋಜನೆಯ ಮಾಹಿತಿ ಕೊಡುವ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಖಾಸಗಿ ವಿಮೆಯಾದರೆ, ಇದು ಕನ್ನಡಕ ಬಿಡಿಸುವ ಲೇಸರ್ ಅಲ್ಲ, ರೋಗದ ಚಿಕಿತ್ಸೆ ಎಂದು ವೈದ್ಯರಿಂದ ಪತ್ರ ಬರೆಸಿಕೊಳ್ಳಿ.

ಚಿಕಿತ್ಸೆಯ ದಿನ ಭಯಪಡುವಂಥದ್ದೇನಿಲ್ಲ. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ಕಾರ್ನಿಯಾದ ಮೇಲ್ಪೊರೆಯನ್ನು ತೆಗೆದು, ಸುಮಾರು ಅರ್ಧ ಗಂಟೆ ರೈಬೋಫ್ಲೇವಿನ್, ಅಂದರೆ ಬಿ2 ಜೀವಸತ್ವದ ಹನಿ ಬಿಡುತ್ತಾರೆ. ಬಳಿಕ ನೇರಳಾತೀತ ಬೆಳಕು: ಮೂಲ ವಿಧಾನದಲ್ಲಿ 30 ನಿಮಿಷ, ವೇಗದ ವಿಧಾನಗಳಲ್ಲಿ ಇನ್ನೂ ಕಡಿಮೆ. ಮುಳಿಹುಲ್ಲಿನ ಮಾಡಿನ ಸಡಿಲ ಬಿದಿರುಗಳಿಗೆ ಅಡ್ಡಕಟ್ಟು ಬಿಗಿದ ಹಾಗೆ, ಕಾರ್ನಿಯಾದ ಕೊಲಾಜೆನ್ ಎಳೆಗಳ ನಡುವೆ ಹೊಸ ಬೆಸುಗೆಗಳು ಮೂಡುತ್ತವೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ರೂಪುಗೊಂಡ ಈ ವಿಧಾನದ ಮೊದಲ ರೋಗಿಗಳ ಫಲಿತಾಂಶ ಪ್ರಕಟವಾದದ್ದು 2003ರಲ್ಲಿ. ರಕ್ಷಣೆಗೊಂದು ಲೆನ್ಸ್ ಇಟ್ಟು ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳುಹಿಸುತ್ತಾರೆ. ಕರೆದೊಯ್ಯಲು ಜೊತೆಗೊಬ್ಬರು ಇರಲಿ.

ನಿಜವಾದ ಪರೀಕ್ಷೆ ಮನೆಯಲ್ಲಿ. ಮೊದಲ ಎರಡು ಮೂರು ದಿನ ನೋವು, ನೀರು ಸುರಿಯುವುದು, ಬೆಳಕು ಸಹಿಸಲಾಗದಿರುವುದು ಸಹಜ. ಲೆನ್ಸನ್ನು ನೀವೇ ಕೀಳಬೇಡಿ. ಮೇಲ್ಪೊರೆ ಮತ್ತೆ ಬೆಳೆದ ಮೇಲೆ ವೈದ್ಯರು ತೆಗೆಯುತ್ತಾರೆ. ಅವರು ಒಪ್ಪುವವರೆಗೆ ತಲೆಸ್ನಾನ, ಕೆರೆ, ಕಡಲು ಯಾವುದೂ ಬೇಡ. ಅಜ್ಜಿ ಎಷ್ಟೇ ಪ್ರೀತಿಯಿಂದ ನಂದಿಬಟ್ಟಲ ಹೂವಿನ ರಸ ಹಿಂಡಲು ಬಂದರೂ ಕೈ ಮುಗಿದು ತಡೆಯಿರಿ. ‘ಮೀನು ನಂಜು’ ಎನ್ನುವವರಿಗೂ ಉತ್ತರ ಕೊಡಬಹುದು: ಈ ಚಿಕಿತ್ಸೆಗೆ ವಿಶೇಷ ಪಥ್ಯವೇನಿಲ್ಲ. ಆದರೆ ನೋವು ಇಳಿಯುವ ಬದಲು ಏರಿದರೆ, ಕೀವು ಕಂಡರೆ ಸೋಂಕಿರಬಹುದು. ಅಂದೇ ಆಸ್ಪತ್ರೆಗೆ ಹೋಗಿ.

ಮೊದಲ ಕೆಲವು ವಾರ ದೃಷ್ಟಿ ಮುಂಚಿಗಿಂತ ಮಸುಕಾಗಬಹುದು. ಅವಸರದಲ್ಲಿ ಹೊಸ ಕನ್ನಡಕ ಮಾಡಿಸಿದರೆ ದುಡ್ಡು ದಂಡ. ಕಣ್ಣು ಸ್ಥಿರವಾದ ಬಳಿಕ ಕನ್ನಡಕ ಸಾಲದಿದ್ದರೆ ಗಟ್ಟಿ ಲೆನ್ಸ್ ಅಥವಾ ಕಣ್ಣಿನ ಬಿಳಿಭಾಗದ ಮೇಲೆ ಕೂರುವ ದೊಡ್ಡ ಸ್ಕ್ಲೀರಲ್ ಲೆನ್ಸ್ ಇದೆ. ಕಣ್ಣುಜ್ಜುವ ಚಟವನ್ನು ಮಾತ್ರ ಬಿಡಲೇಬೇಕು. ಅಲರ್ಜಿಯ ತುರಿಕೆಗೆ ಹನಿ ಬರೆಸಿಕೊಳ್ಳಿ. ರಾತ್ರಿಯಿಡೀ ಬಯಲಾಟ ನೋಡಿ ಬಂದ ನಿದ್ದೆಗಣ್ಣಿಗೂ ಇದರಲ್ಲಿ ವಿನಾಯಿತಿಯಿಲ್ಲ. ಈ ತೊಂದರೆ ಕೆಲವು ಕುಟುಂಬಗಳಲ್ಲಿ ಹರಿದು ಬರುವುದರಿಂದ ಒಡಹುಟ್ಟಿದವರನ್ನೂ ಒಮ್ಮೆ ಸ್ಕ್ಯಾನ್‌ಗೆ ಕರೆದುಕೊಂಡು ಹೋಗಿ.