ಮಡಕೆ ಬರೆಯದೆ ಮಡಕೆ ಕಾಣಿಸಿದ್ದು

ಕುಂಬಾರಿಕೆ ಕಲಿಸುವ ಒಂದು ಸ್ಟುಡಿಯೊಗೆ ಲೋಗೊ ಮಾಡಬೇಕಿತ್ತು. ಅವರು ಕೇಳಿದ್ದು ಎರಡೇ: ಕೈ ಇರಬೇಕು, ಮಡಕೆ ಇರಬೇಕು. ಎರಡನ್ನೂ ಬರೆದರೆ ಪಾಠಪುಸ್ತಕದ ಚಿತ್ರವಾಗುತ್ತದೆ. ಹಾಗಾಗಿ ಕೈಗಳನ್ನಷ್ಟೇ ಕಪ್ಪಿನಲ್ಲಿ ಬರೆದು, ನಡುವೆ ಉಳಿಯುವ ಬಿಳಿಯೇ ಮಡಕೆಯಾಗಲಿ ಅಂದುಕೊಂಡೆ.

ಉಪಾಯ ಹಳೆಯದೇ. ಹೂದಾನಿಯೋ, ಎದುರುಬದುರು ನಿಂತ ಎರಡು ಮುಖಗಳೋ ಎಂದು ಕಣ್ಣನ್ನು ಆಡಿಸುವ ಚಿತ್ರವನ್ನು ಡೆನ್ಮಾರ್ಕಿನ ಮನಶ್ಶಾಸ್ತ್ರಜ್ಞ ಎಡ್ಗರ್ ರೂಬಿನ್ 1915ರಲ್ಲೇ ಪ್ರಕಟಿಸಿದ್ದರು. ಆದರೆ ಲೋಗೊದಲ್ಲಿ ಆ ಓಲಾಟ ಬೇಡ. ಒಂದು ಮೊದಲು ಕಾಣಬೇಕು, ಇನ್ನೊಂದು ತುಸು ತಡವಾಗಿ ಸಿಗಬೇಕು. ಇಲ್ಲಿ ಕೈ ಮೊದಲು.

ಬರೆಯಲು ಕೂತಾಗ ಮಾತ್ರ ಕ್ರಮ ತಿರುಗುಮುರುಗು. ಕಪ್ಪು ಆಯತದ ಮೇಲೆ ಬಿಳಿ ಮಡಕೆ ಇಟ್ಟು, ಸುತ್ತಲಿನ ಕಪ್ಪನ್ನು ಹೊರಗಿನಿಂದ ಕೆತ್ತುತ್ತಾ ಬಂದು ಕೈಯಾಗಿಸಿದೆ. ಕೈ ಮೊದಲು ಬರೆದರೆ ಒಂದೊಂದು ಬೆರಳಿನ ಉಬ್ಬೂ ಒಳಗಂಚಿಗೆ ಬಂದು ಮಡಕೆ ನೆಗ್ಗಿಹೋಗುತ್ತದೆ. ಒಳಗಡೆ ಒಂದೇ ನಯವಾದ ಬಾಗು, ಬೆರಳಿನ ಗುರುತೆಲ್ಲ ಹೊರಗಡೆ. ಹೆಬ್ಬೆರಳುಗಳನ್ನು ಬಿಟ್ಟೇಬಿಟ್ಟೆ. ಇಲ್ಲವೆಂದು ಯಾರೂ ಕೇಳಲಿಲ್ಲ!

ಕಷ್ಟವಿದ್ದದ್ದು ಮಡಕೆಯ ಬಾಯಲ್ಲಿ. ಅಲ್ಲಿ ಕೈಯೂ ಇಲ್ಲ, ಗೆರೆಯೂ ಇಲ್ಲ. 1961ರಲ್ಲಿ ಪೀಟರ್ ಸ್ಕಾಟ್ ಮೊದಲು ರೂಪಿಸಿದ, ವನ್ಯಜೀವಿ ಸಂರಕ್ಷಣಾ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್‌ನ ಪಾಂಡಾ ಲೋಗೊದ ಈಗಿನ ರೂಪ ನೆನಪಿಸಿಕೊಳ್ಳಿ: ನೆತ್ತಿಗೂ ಬೆನ್ನಿಗೂ ಗೆರೆಯಿಲ್ಲ, ಆದರೂ ಪ್ರಾಣಿ ಇಡಿಯಾಗಿ ಕಾಣುತ್ತದೆ. ಅಕ್ಕಪಕ್ಕದ ಕಪ್ಪು ಎಲ್ಲಿ, ಯಾವ ದಿಕ್ಕಿಗೆ ಮುಗಿಯುತ್ತದೆ ಅನ್ನುವುದರಲ್ಲೇ ಎಲ್ಲ ಇದೆ. ಬೆರಳ ತುದಿಗಳನ್ನು ಸಹಜವೆಂದು ದುಂಡಗೆ ಮುಗಿಸಿದರೆ ಮಡಕೆಯ ಬಿಳಿ ಮೇಲಕ್ಕೆ ಸೋರಿಹೋಗುತ್ತದೆ. ಎರಡೂ ಕಡೆಯ ತುದಿಗಳನ್ನು ಒಂದೇ ಮಟ್ಟದಲ್ಲಿ ಅಡ್ಡಕ್ಕೆ ನೇರವಾಗಿ ಕತ್ತರಿಸಿ, ಅದಕ್ಕೂ ಮುಂಚೆ ಒಳಬಾಗನ್ನು ಚೂರೇ ಹೊರಕ್ಕೆ ತಿರುಗಿಸಿದಾಗ ಅಂಚು ಮೂಡಿತು. ಎಡದಿಂದ ಬಲಕ್ಕೆ ಇಲ್ಲದ ಗೆರೆಯನ್ನು ಕಣ್ಣೇ ಎಳೆದುಕೊಂಡಿತು. ತಳಕ್ಕೆ ಅಷ್ಟು ಒದ್ದಾಟವಿರಲಿಲ್ಲ, ತಿಗರಿಯ ಒಂದು ಪಟ್ಟಿ ಸಾಕಾಯಿತು.

ತೋರಿಸಿದಾಗ ಅವರಿಗೆ ಹಿಡಿಸಿತು. ಆದರೆ, "ಮಡಕೆಗೆ ಮಣ್ಣಿನ ಬಣ್ಣ ತುಂಬಿಬಿಡಿ, ಎಲ್ಲರಿಗೂ ಕಾಣಲಿ" ಅಂದರು. ನಾನು ಒಪ್ಪಲಿಲ್ಲ. ಬಣ್ಣ ತುಂಬಿದ ಗಳಿಗೆಯಲ್ಲೇ ಅದು ಮಡಕೆ ಹಿಡಿದ ಕೈಗಳ ಚಿತ್ರ, ಅಷ್ಟೇ. 1994ರಲ್ಲಿ ಬಂದ, ಕೊರಿಯರ್ ಕಂಪನಿ ಫೆಡ್‌ಎಕ್ಸ್ ಲೋಗೊದಲ್ಲಿ 'ಇ' ಮತ್ತು 'ಎಕ್ಸ್' ನಡುವಿನ ಬಾಣಕ್ಕೆ ಬೇರೆ ಬಣ್ಣವಿಲ್ಲ. ವಿನ್ಯಾಸಕ ಲಿಂಡನ್ ಲೀಡರ್ ಯುನಿವರ್ಸ್, ಫ್ಯೂಚುರಾ ಎರಡೂ ಫಾಂಟ್‌ಗಳ ಗುಣ ಬೆರೆಸಿ ಅಕ್ಷರಗಳನ್ನೇ ತಿದ್ದಿ ಅದನ್ನು ಹೊರಡಿಸಿದ್ದರು. ಕಾಣದವರಿಗೂ ಲೋಗೊ ಪೂರ್ತಿಯೇ, ಕಂಡವರಿಗೆ ಒಂದು ಖುಷಿ ಹೆಚ್ಚು. ಕೊನೆಗೆ ಮಣ್ಣಿನ ಬಣ್ಣದ ಕಾರ್ಡಿನ ಮೇಲೆ ಕಪ್ಪು ಕೈಗಳನ್ನಷ್ಟೇ ಅಚ್ಚು ಹಾಕಿಸಿದೆ. ಮಡಕೆಗೆ ಬಣ್ಣ ಬಂತು, ಜಾಗ ಖಾಲಿಯೇ ಉಳಿಯಿತು. ವಾದವೂ ಮುಗಿಯಿತು.

ಆಮೇಲಿನದು ಬೇಸರದ ಕೆಲಸ, ಬಿಡುವ ಹಾಗಿಲ್ಲ. 16 ಪಿಕ್ಸೆಲ್‌ಗೆ ಇಳಿಸಿದಾಗ ಬೆರಳ ಸಂದಿಗಳು ಬೂದುಬಣ್ಣದ ಕಲೆಯಾದವು. ಚಿಕ್ಕ ಅಳತೆಗೆ ಸಂದಿಯೇ ಇಲ್ಲದ ಬೇರೆ ಫೈಲ್ ಮಾಡಿದೆ. ಕಪ್ಪು ಹಿನ್ನೆಲೆಗೂ ಬೇರೆಯೇ ಬೇಕಾಯಿತು: ಅಲ್ಲಿ ಕೈಗಳೇ ಬಿಳಿ, ಕಪ್ಪಿನ ಮೇಲಿನ ಬಿಳಿ ಇರುವುದಕ್ಕಿಂತ ದಪ್ಪ ಕಾಣುತ್ತದೆ, ಕೈ ಉಬ್ಬಿ ಮಡಕೆ ಬಡಕಲಾಗುತ್ತದೆ. ಒಳಗಂಚನ್ನು ಕೂದಲೆಳೆಯಷ್ಟು ಹಿಂದೆ ಸರಿಸಿದರೆ ಸರಿಹೋಗುತ್ತದೆ. ಕಪ್ಪು-ಬಿಳಿ ಅದಲುಬದಲು ಮಾಡುವ ಇನ್ವರ್ಟ್ ಅನ್ನು ಸುಮ್ಮನೆ ಒತ್ತಿ ಕಳಿಸುವವರು ಒಮ್ಮೆ ಪಾಂಡಾವನ್ನು ಹಾಗೆ ಮಾಡಿ ನೋಡಲಿ, ಕಪ್ಪು ಮುಖ, ಬಿಳಿ ಕಣ್ಣುಗಳ ಭೂತವೇ ಎದ್ದು ಬರುತ್ತದೆ.

ಮಡಕೆಗಳ ತಳಕ್ಕೆ ಒತ್ತುವ ಮುದ್ರೆಗೂ ಆ ಸಂದಿಯಿಲ್ಲದ ಫೈಲನ್ನೇ ಕೊಟ್ಟೆ. ಹಸಿಮಣ್ಣು ಸಣ್ಣ ಸಂದಿಗಳಲ್ಲಿ ಮೆತ್ತಿಕೊಂಡರೆ ಪ್ರತಿ ಸಲವೂ ಸೂಜಿ ಹಿಡಿದು ಕೆರೆಯುತ್ತಾ ಕೂರಬೇಕಾಗುತ್ತದೆ.